ಸೂರ್ಯನೊಬ್ಬ, ಮೇಷ ಎರಡು

ಏಪ್ರಿಲ್ 14 ಅಥವಾ 15 ಬಂತೆಂದರೆ ತುಳುನಾಡಿನ ಮನೆಗಳಲ್ಲಿ ಬಿಸುವಿನ ಸಂಭ್ರಮ. ಕನ್ನಡಿ, ತೆಂಗಿನಕಾಯಿ, ಅಕ್ಕಿ, ಹಣ್ಣು, ತರಕಾರಿಗಳನ್ನು ಜೋಡಿಸಿ ಕಣಿ ಇಡುವುದು, ಬೆಳಗ್ಗೆ ಎದ್ದವರು ಮೊದಲು ಅದನ್ನೇ ನೋಡುವುದು, ಕಿರಿಯರು ಹಿರಿಯರ ಕಾಲಿಗೆರಗುವುದು ಇಲ್ಲಿನ ರೂಢಿ. ಪಂಚಾಂಗದ ಪ್ರಕಾರ ಸೂರ್ಯನು ಮೇಷ ರಾಶಿಯನ್ನು ಪ್ರವೇಶಿಸುವುದು ಈ ಹೊತ್ತಿಗೆ. ಸೌರಮಾನ ವರ್ಷದ ಮೊದಲ ತಿಂಗಳು ‘ಪಗ್ಗು’ ಇಲ್ಲಿಂದ ಆರಂಭವಾಗುತ್ತದೆ.

ಆದರೆ ಅದೇ ಮನೆಯ ಕಾಲೇಜು ವಿದ್ಯಾರ್ಥಿಯೊಬ್ಬ ಇಂಗ್ಲಿಷ್ ಪತ್ರಿಕೆಯ ಭವಿಷ್ಯದ ಅಂಕಣವನ್ನು ತೆರೆದರೆ ಅಲ್ಲಿ ಬೇರೆಯೇ ಲೆಕ್ಕ. ಮೇಷ ರಾಶಿಯವರು ಎಂದರೆ ಮಾರ್ಚ್ 21ರಿಂದ ಏಪ್ರಿಲ್ 19ರ ನಡುವೆ ಹುಟ್ಟಿದವರು ಎಂದು ಅದು ಹೇಳುತ್ತದೆ. ಅಂದರೆ ಆ ಲೆಕ್ಕದಂತೆ ಸೂರ್ಯ ಮೇಷಕ್ಕೆ ಬಂದು ಆಗಲೇ ಇಪ್ಪತ್ತೈದು ದಿನಗಳು ಸಂದಿವೆ! ಸೂರ್ಯ ಇರುವುದು ಒಬ್ಬನೇ. ಅವನು ಒಂದೇ ಮನೆಯನ್ನು ಎರಡು ಬೇರೆ ಬೇರೆ ದಿನ ಪ್ರವೇಶಿಸುವುದು ಹೇಗೆ? ಎರಡರಲ್ಲಿ ಯಾವುದು ಸರಿ?

ಪ್ರಶ್ನೆ ಚಿಕ್ಕದೆಂದು ಕಾಣಬಹುದು. ಆದರೆ ಮಗುವಿನ ರಾಶಿ ನೋಡಿ ಹೆಸರಿಡುವ, ಗ್ರಹಗತಿ ನೋಡಿ ಓದಿನ ವಿಷಯ ಆರಿಸುವ, ಜಾತಕ ಕೂಡಿಬಾರದೆಂದು ಮದುವೆ ಮುರಿಯುವ ಸಮಾಜದಲ್ಲಿ ಇದಕ್ಕೆ ಉತ್ತರ ತಿಳಿದಿರುವುದು ಅಗತ್ಯ. ಉತ್ತರ ಹುಡುಕಲು ದೊಡ್ಡ ದೂರದರ್ಶಕವೇನೂ ಬೇಕಾಗಿಲ್ಲ. ಒಂದು ಮೀಟರ್ ಉದ್ದದ ನೇರವಾದ ಕೋಲು ಸಾಕು.

ಮುಂಡಾಜೆಯ ಅಂಗಳದಲ್ಲೊಂದು ಕೋಲು

ಚಾರ್ಮಾಡಿ ಘಾಟಿಯ ಬುಡದಲ್ಲಿ, ಅಡಿಕೆ ತೋಟಗಳ ನಡುವೆ ಇರುವ ಬೆಳ್ತಂಗಡಿ ತಾಲೂಕಿನ ಮುಂಡಾಜೆ, ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿದೆ. ಇಲ್ಲಿನ ಯಾವುದಾದರೂ ಅಂಗಳದಲ್ಲಿ ಒಂದು ಮೀಟರ್ ಕೋಲನ್ನು ತೂಗುಗುಂಡು ಹಿಡಿದು ನೆಟ್ಟಗೆ ನಿಲ್ಲಿಸಿ, ನಡು ಮಧ್ಯಾಹ್ನ ಅದರ ನೆರಳನ್ನು ಅಳೆಯಬೇಕು. ನಡು ಮಧ್ಯಾಹ್ನವೆಂದರೆ ಗಡಿಯಾರದ 12 ಗಂಟೆಯಲ್ಲ. ಭಾರತದ ಗಡಿಯಾರಗಳು ನಡೆಯುವುದು ಪೂರ್ವದ ಎಂಬತ್ತೆರಡೂವರೆ ಡಿಗ್ರಿ ರೇಖಾಂಶದ ಸಮಯದಂತೆ. ಮುಂಡಾಜೆ ಅದಕ್ಕಿಂತ ಸುಮಾರು 7 ಡಿಗ್ರಿ ಪಶ್ಚಿಮಕ್ಕಿರುವುದರಿಂದ ಇಲ್ಲಿ ಸೂರ್ಯ ಅತಿ ಎತ್ತರಕ್ಕೆ ಬರುವುದು ಏಪ್ರಿಲ್ ಮಧ್ಯಭಾಗದಲ್ಲಿ ಸುಮಾರು 12 ಗಂಟೆ 29 ನಿಮಿಷಕ್ಕೆ. ಜನವರಿ ಮಧ್ಯದಲ್ಲಿ ಇನ್ನೂ ಒಂಬತ್ತು ನಿಮಿಷ ತಡ. ನೆರಳು ದಿನದಲ್ಲೇ ಅತಿ ಚಿಕ್ಕದಾಗುವ ಕ್ಷಣವನ್ನು ಹಿಡಿದರೆ ಗಡಿಯಾರದ ಗೊಡವೆಯೇ ಬೇಡ.

ವರ್ಷದ ಬೇರೆ ಬೇರೆ ದಿನಗಳಲ್ಲಿ ಈ ನೆರಳು ಎಷ್ಟಿರುತ್ತದೆ ಎಂಬುದನ್ನು ಹೈಸ್ಕೂಲಿನ ತ್ರಿಕೋನಮಿತಿಯಿಂದಲೇ ಲೆಕ್ಕ ಹಾಕಬಹುದು.

ಡಿಸೆಂಬರ್ 21–22: ಉತ್ತರಕ್ಕೆ 74 ಸೆಂಟಿಮೀಟರ್
ಜನವರಿ 14–15, ಮಕರ ಸಂಕ್ರಮಣ: ಉತ್ತರಕ್ಕೆ 68 ಸೆಂ.ಮೀ.
ಮಾರ್ಚ್ 20–21: ಉತ್ತರಕ್ಕೆ 23 ಸೆಂ.ಮೀ.
ಏಪ್ರಿಲ್ 14–15, ಬಿಸು: ಉತ್ತರಕ್ಕೆ 6 ಸೆಂ.ಮೀ.
ಏಪ್ರಿಲ್ 24–25: ನೆರಳೇ ಇಲ್ಲ
ಜೂನ್ 21: ದಕ್ಷಿಣಕ್ಕೆ 18 ಸೆಂ.ಮೀ.

ಈ ಅಂಕಿಗಳಲ್ಲಿ ಒಂದು ಕಥೆ ಅಡಗಿದೆ. ‘ಬಿಸು’ ಎಂಬ ಪದ ‘ವಿಷು’ ಅಥವಾ ‘ವಿಷುವ’ದಿಂದ ಬಂದದ್ದು. ವಿಷುವವೆಂದರೆ ಹಗಲು ಇರುಳುಗಳು ಹೆಚ್ಚುಕಡಿಮೆ ಸಮವಾಗುವ ದಿನ. ಅಂದು ಮಧ್ಯಾಹ್ನ ಸೂರ್ಯ ಭೂಮಧ್ಯರೇಖೆಯ ಜನರ ನೆತ್ತಿಯ ಮೇಲಿರುತ್ತಾನೆ. ಮುಂಡಾಜೆಯಲ್ಲಿ ನೆತ್ತಿಯಿಂದ ಸರಿಯಾಗಿ 13 ಡಿಗ್ರಿ ದಕ್ಷಿಣಕ್ಕೆ ವಾಲಿರುತ್ತಾನೆ. ಆಗ ಮೀಟರ್ ಕೋಲಿನ ನೆರಳು 23 ಸೆಂಟಿಮೀಟರ್ ಇರಬೇಕು. ಅಷ್ಟಿರುವುದು ಮಾರ್ಚ್ 20ರ ಹೊತ್ತಿಗೆ. ಬಿಸುವಿನಂದು ನೆರಳು ಬರಿಯ ಆರು ಸೆಂಟಿಮೀಟರ್! ಹೆಸರಿನಲ್ಲಿ ವಿಷುವ ಉಳಿದಿದೆ, ಆಕಾಶದಲ್ಲಿ ವಿಷುವ ಎಂದೋ ದಾಟಿಹೋಗಿದೆ.

ಮಕರ ಸಂಕ್ರಮಣದ ಕಥೆಯೂ ಇದೇ. ಅಂದು ಸೂರ್ಯ ಉತ್ತರಕ್ಕೆ ತಿರುಗುತ್ತಾನೆ, ಉತ್ತರಾಯಣ ಆರಂಭವಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಕೋಲಿನ ನೆರಳು ವರ್ಷದಲ್ಲೇ ಅತಿ ಉದ್ದವಾಗಿ ಮತ್ತೆ ಕುಗ್ಗತೊಡಗುವ ದಿನವೇ ಸೂರ್ಯ ತಿರುಗಿದ ದಿನ. ಅದು ಡಿಸೆಂಬರ್ 21 ಅಥವಾ 22. ಸಂಕ್ರಮಣದ ಹೊತ್ತಿಗೆ ನೆರಳು ಆಗಲೇ ಆರು ಸೆಂಟಿಮೀಟರ್ ಕುಗ್ಗಿರುತ್ತದೆ. ತಲಕಾವೇರಿಯಲ್ಲಿ ತೀರ್ಥೋದ್ಭವವಾಗುವ ತುಲಾ ಸಂಕ್ರಮಣ ಅಕ್ಟೋಬರ್ 17ರ ಸುಮಾರಿಗೆ. ತುಲೆಯೆಂದರೆ ತಕ್ಕಡಿ. ಹಗಲು ಇರುಳು ತಕ್ಕಡಿಯಲ್ಲಿ ಸಮತೂಗುವುದಾದರೋ ಸೆಪ್ಟೆಂಬರ್ 22–23ರಂದು. ಆಟಿ ತಿಂಗಳನ್ನು ತರುವ ಕರ್ಕಾಟಕ ಸಂಕ್ರಮಣ ಜುಲೈ 16–17ಕ್ಕೆ, ಸೂರ್ಯ ದಕ್ಷಿಣಕ್ಕೆ ಹೊರಳುವುದು ಜೂನ್ 21ಕ್ಕೆ. ನಾಲ್ಕೂ ಕಡೆ ಒಂದೇ ಅಂತರ, ಇಪ್ಪತ್ತನಾಲ್ಕು ಇಪ್ಪತ್ತೈದು ದಿನ. ಆಕಸ್ಮಿಕವಾದರೆ ಹೀಗೆ ಲೆಕ್ಕ ಹಿಡಿದಂತೆ ಇರಲಾರದು.

ಎರಡು ಆರಂಭಬಿಂದುಗಳು

ಭೂಮಿಯಿಂದ ನೋಡುವಾಗ ಸೂರ್ಯನು ನಕ್ಷತ್ರಗಳ ಹಿನ್ನೆಲೆಯಲ್ಲಿ ವರ್ಷಕ್ಕೊಂದು ಸುತ್ತು ಬಂದಂತೆ ಕಾಣುತ್ತಾನೆ. ಈ ಹಾದಿಯೇ ಕ್ರಾಂತಿವೃತ್ತ. ಅದನ್ನು ತಲಾ 30 ಡಿಗ್ರಿಯ 12 ಸಮಭಾಗ ಮಾಡಿದರೆ ರಾಶಿಗಳು, 13 ಡಿಗ್ರಿ 20 ಕಲೆಯ 27 ಭಾಗ ಮಾಡಿದರೆ ನಕ್ಷತ್ರಗಳು. ಇಲ್ಲಿಯವರೆಗೆ ತಕರಾರಿಲ್ಲ. ಆದರೆ ವೃತ್ತಕ್ಕೆ ತಲೆ ಬಾಲ ಇಲ್ಲ. ಎಲ್ಲಿಂದ ಎಣಿಸಬೇಕು? ಸೊನ್ನೆ ಡಿಗ್ರಿ ಎಲ್ಲಿ?

ಒಂದು ಪದ್ಧತಿಯವರು ಮಾರ್ಚ್ ವಿಷುವದಂದು ಸೂರ್ಯ ಇರುವ ಬಿಂದುವನ್ನೇ ಮೇಷದ ಸೊನ್ನೆ ಎಂದು ಹಿಡಿದರು. ಇದು ‘ಸಾಯನ’ ಪದ್ಧತಿ. ಅಯನದೊಂದಿಗೆ ಸರಿಯುವಂಥದು ಎಂದರ್ಥ. ಕ್ರಿಸ್ತಶಕ 2ನೆಯ ಶತಮಾನದ ಟಾಲೆಮಿ ಅನುಸರಿಸಿದ್ದು ಇದನ್ನೇ. ಪಾಶ್ಚಾತ್ಯ ಜ್ಯೋತಿಷ್ಯ ಇಂದಿಗೂ ಇದರಂತೆ ನಡೆಯುತ್ತದೆ. ಇನ್ನೊಂದು ಪದ್ಧತಿಯವರು ಆಕಾಶದ ನಕ್ಷತ್ರಗಳನ್ನು ಆಧಾರವಾಗಿಟ್ಟು ಸೊನ್ನೆಯನ್ನು ಗುರುತಿಸಿದರು. ಇದು ‘ನಿರಯನ’ ಪದ್ಧತಿ. ನಮ್ಮ ಪಂಚಾಂಗಗಳದ್ದು ಇದೇ ದಾರಿ. ಈ ಎರಡು ಸೊನ್ನೆಗಳ ನಡುವಿನ ಅಂತರಕ್ಕೆ ‘ಅಯನಾಂಶ’ ಎಂದು ಹೆಸರು. ಈಗ ಅದು 24 ಡಿಗ್ರಿಗಿಂತ ತುಸು ಹೆಚ್ಚು. ಸೂರ್ಯ ದಿನಕ್ಕೆ ಸುಮಾರು ಒಂದು ಡಿಗ್ರಿ ಸಾಗುವುದರಿಂದ 24 ಡಿಗ್ರಿಯೆಂದರೆ ಇಪ್ಪತ್ತನಾಲ್ಕು ಇಪ್ಪತ್ತೈದು ದಿನ. ಮೇಲಿನ ಅಂತರದ ಗುಟ್ಟು ಇಷ್ಟೇ.

ಇದನ್ನು ಊರಿನ ಉದಾಹರಣೆಯಿಂದ ತಿಳಿಯೋಣ. ಮುಂಡಾಜೆಯ ಬಳಿ ಮೃತ್ಯುಂಜಯ ಹೊಳೆ ಹರಿಯುತ್ತದೆ. ಹೊಳೆಯ ದಡದಲ್ಲೇ ಒಂದು ಮೈಲುಗಲ್ಲು ಇದ್ದಿತೆನ್ನಿ. ಒಬ್ಬಾತ ತನ್ನ ತೋಟದ ಮರಗಳ ದೂರವನ್ನು ಮೈಲುಗಲ್ಲಿನಿಂದ ಅಳೆದು ಬರೆದಿಟ್ಟ, ನೆರೆಮನೆಯಾತ ಹೊಳೆಯ ದಡದಿಂದ ಅಳೆದು ಬರೆದಿಟ್ಟ. ಆ ದಿನ ಇಬ್ಬರ ಪುಸ್ತಕದಲ್ಲೂ ಒಂದೇ ಅಂಕಿ. ಆದರೆ ದಡ ವರ್ಷವರ್ಷವೂ ಸ್ವಲ್ಪ ಸ್ವಲ್ಪ ಸರಿಯುತ್ತ ಹೋಯಿತು. 2019ರ ಆಗಸ್ಟ್ ನೆರೆಯನ್ನು ಕಂಡವರಿಗೆ ದಡ ಸರಿಯುವುದೆಂದರೆ ಏನೆಂದು ವಿವರಿಸಬೇಕಾಗಿಲ್ಲ. ಮೊಮ್ಮಕ್ಕಳ ಕಾಲಕ್ಕೆ ಎರಡು ಪುಸ್ತಕಗಳಿಗೂ ತಾಳೆಯಿಲ್ಲ. ಮರ ಮಾತ್ರ ಇದ್ದಲ್ಲೇ ಇದೆ. ಅಳತೆ ಮಾಡಿದ ಇಬ್ಬರೂ ಸುಳ್ಳು ಹೇಳಿಲ್ಲ. ಆಕಾಶದಲ್ಲಿ ನಕ್ಷತ್ರಗಳೇ ಮೈಲುಗಲ್ಲು, ವಿಷುವಬಿಂದುವೇ ಸರಿಯುವ ದಡ.

ಬುಗುರಿ ತಲೆದೂಗಿದಾಗ

ವಿಷುವಬಿಂದು ಸರಿಯುವುದಾದರೂ ಏಕೆ? ತಿರುಗುವ ಬುಗುರಿಯನ್ನು ಗಮನಿಸಿ. ಅದು ತನ್ನ ಮೊಳೆಯ ಮೇಲೆ ಭರದಿಂದ ಸುತ್ತುತ್ತಿರುವಾಗಲೇ ಅದರ ತಲೆ ನಿಧಾನವಾಗಿ ಇನ್ನೊಂದು ಸುತ್ತು ಬರುತ್ತಿರುತ್ತದೆ. ಭೂಮಿಯೂ ಹಾಗೆಯೇ. ಭೂಮಿ ಪೂರ್ತಿ ಗುಂಡಗಿಲ್ಲ. ಅದರ ಸೊಂಟ ಸ್ವಲ್ಪ ಉಬ್ಬಿದೆ. ಧ್ರುವದಿಂದ ಧ್ರುವಕ್ಕೆ ಇರುವ ವ್ಯಾಸಕ್ಕಿಂತ ಭೂಮಧ್ಯದ ವ್ಯಾಸ ಸುಮಾರು 43 ಕಿಲೋಮೀಟರ್ ಹೆಚ್ಚು. ಈ ಉಬ್ಬನ್ನು ಸೂರ್ಯ ಮತ್ತು ಚಂದ್ರ ಎಳೆಯುವುದರಿಂದ ಭೂಮಿಯ ಅಕ್ಷ ತಲೆದೂಗುತ್ತದೆ. ಒಂದು ಪೂರ್ಣ ಸುತ್ತಿಗೆ ಬೇಕಾಗುವ ಕಾಲ ಸುಮಾರು 25,800 ವರ್ಷ. ಕಾರಣವನ್ನು ಮೊದಲು ವಿವರಿಸಿದವನು ನ್ಯೂಟನ್, 1687ರ ತನ್ನ ‘ಪ್ರಿನ್ಸಿಪಿಯಾ’ದಲ್ಲಿ.

ಅಕ್ಷ ತಿರುಗಿದಂತೆ ವಿಷುವಬಿಂದು ಕ್ರಾಂತಿವೃತ್ತದ ಮೇಲೆ ವರ್ಷಕ್ಕೆ ಸುಮಾರು 50.3 ವಿಕಲೆಯಷ್ಟು ಹಿಂದಕ್ಕೆ ಜಾರುತ್ತದೆ. ಒಂದು ಡಿಗ್ರಿ ಜಾರಲು ಸುಮಾರು 72 ವರ್ಷ, ಅಂದರೆ ಒಬ್ಬ ಮನುಷ್ಯನ ಆಯುಷ್ಯ. ಹೀಗಾಗಿ ವರ್ಷಗಳೂ ಎರಡು ಬಗೆ. ವಿಷುವದಿಂದ ವಿಷುವಕ್ಕೆ 365 ದಿನ 5 ಗಂಟೆ 49 ನಿಮಿಷ. ನಕ್ಷತ್ರದಿಂದ ಮತ್ತೆ ಅದೇ ನಕ್ಷತ್ರಕ್ಕೆ 365 ದಿನ 6 ಗಂಟೆ 9 ನಿಮಿಷ. ಇಪ್ಪತ್ತು ನಿಮಿಷಗಳ ವ್ಯತ್ಯಾಸ! ಎಪ್ಪತ್ತು ವರ್ಷ ಕೂಡಿಸಿದರೆ ಅದು ಒಂದು ದಿನವಾಗುತ್ತದೆ.

ಈ ಜಾರುವಿಕೆಗೆ ಎಲ್ಲರಿಗೂ ತಿಳಿದ ಸಾಕ್ಷಿಯೊಂದಿದೆ. ಸ್ವಾಮಿ ವಿವೇಕಾನಂದರು ಹುಟ್ಟಿದ್ದು 1863ರ ಜನವರಿ 12ರಂದು. ಅಂದು ಮಕರ ಸಂಕ್ರಾಂತಿ. ಈಗ ಸಂಕ್ರಾಂತಿ ಜನವರಿ 14 ಅಥವಾ 15ಕ್ಕೆ ಬರುತ್ತದೆ. 2024ರಲ್ಲಿ 15ಕ್ಕೆ, 2025ರಲ್ಲಿ 14ಕ್ಕೆ ಬಂದಿತ್ತು. ಹದಿನಾಲ್ಕು ಹದಿನೈದರ ನಡುವಿನ ಓಲಾಟ ಅಧಿಕವರ್ಷದ ಲೆಕ್ಕದಿಂದಾದದ್ದು, ಹನ್ನೆರಡರಿಂದ ಹದಿನಾಲ್ಕಕ್ಕೆ ಸರಿದದ್ದು ಭೂಮಿಯ ಬುಗುರಿಯಾಟದಿಂದ.

ಧ್ರುವ ನಕ್ಷತ್ರದ ಪದವಿಯೂ ಇದರಿಂದ ಶಾಶ್ವತವಲ್ಲ. ಇಂದು ಉತ್ತರ ಧ್ರುವದ ನೇರಕ್ಕಿರುವ ನಕ್ಷತ್ರ ಇನ್ನು ಸುಮಾರು 12,000 ವರ್ಷಗಳ ಬಳಿಕ ಆ ಸ್ಥಾನವನ್ನು ಪ್ರಕಾಶಮಾನವಾದ ಅಭಿಜಿತ್ತಿಗೆ ಬಿಟ್ಟುಕೊಟ್ಟಿರುತ್ತದೆ.

ಹಿಂದಿನವರಿಗೆ ಗೊತ್ತಿತ್ತು

ಈ ಚಲನೆಯನ್ನು ನಮ್ಮ ಹಿರಿಯರು ಅರಿಯರು ಎಂದುಕೊಂಡರೆ ತಪ್ಪಾಗುತ್ತದೆ. ಗ್ರೀಸಿನ ಹಿಪ್ಪಾರ್ಕಸ್ ಕ್ರಿಸ್ತಪೂರ್ವ 2ನೆಯ ಶತಮಾನದಲ್ಲಿ ಚಿತ್ರಾ ನಕ್ಷತ್ರದ ಸ್ಥಾನವನ್ನು ಸುಮಾರು 150 ವರ್ಷ ಹಿಂದಿನ ದಾಖಲೆಯೊಂದಿಗೆ ಹೋಲಿಸಿ, ಅದು ಸುಮಾರು ಎರಡು ಡಿಗ್ರಿ ಸರಿದಿರುವುದನ್ನು ಕಂಡುಕೊಂಡ. ಭಾರತದಲ್ಲಿ ವೇದಾಂಗ ಜ್ಯೋತಿಷವು ಉತ್ತರಾಯಣ ಧನಿಷ್ಠಾ ನಕ್ಷತ್ರದ ಆದಿಯಲ್ಲಿ ಆರಂಭವಾಗುತ್ತದೆ ಎಂದಿತ್ತು. 6ನೆಯ ಶತಮಾನದ ವರಾಹಮಿಹಿರ ತನ್ನ ‘ಬೃಹತ್ಸಂಹಿತೆ’ಯಲ್ಲಿ, ಹಿಂದೆ ಹಾಗಿದ್ದಿರಬೇಕು, ಶಾಸ್ತ್ರಗಳಲ್ಲಿ ಹಾಗೆ ಹೇಳಿದೆ, ಆದರೆ ಈಗ ಅಯನಗಳು ಕರ್ಕಾಟಕ ಮತ್ತು ಮಕರದ ಆದಿಯಲ್ಲಿ ಆಗುತ್ತಿವೆ ಎಂಬ ಅರ್ಥದಲ್ಲಿ ಬರೆದ. ಅನುಮಾನವಿದ್ದರೆ ಪ್ರತ್ಯಕ್ಷವಾಗಿ ಪರೀಕ್ಷಿಸಿ ನೋಡಬೇಕೆಂಬುದೂ ಅವನ ನಿಲುವು. ಶಾಸ್ತ್ರದ ಮಾತನ್ನು ಗೌರವಿಸುತ್ತಲೇ ಕಣ್ಣಿಗೆ ಕಂಡದ್ದನ್ನು ಬರೆದಿಟ್ಟ ಈ ಧೈರ್ಯ ಮೆಚ್ಚತಕ್ಕದ್ದು. ಮಕರ ಸಂಕ್ರಮಣವೂ ಉತ್ತರಾಯಣವೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬೀಳುತ್ತಿದ್ದುದು ಆ ಕಾಲದಲ್ಲಿ. ಎರಡನ್ನೂ ಒಂದೇ ಎಂದು ಹೇಳುವ ರೂಢಿ ಅಂದಿನಿಂದ ಉಳಿದುಬಂದಿದೆ.

932ರಲ್ಲಿ ರಚಿತವಾದ ‘ಲಘುಮಾನಸ’ದ ಕರ್ತೃ ಮುಂಜಾಲ ಅಯನಚಲನೆಯ ವೇಗವನ್ನು ವರ್ಷಕ್ಕೆ ಸುಮಾರು ಒಂದು ಕಲೆ ಎಂದು ಹೇಳಿದ್ದಾನೆ. ಒಂದು ಕಲೆಯೆಂದರೆ 60 ವಿಕಲೆ, ಇಂದಿನ ಅಳತೆ 50.3. ದೂರದರ್ಶಕವಿಲ್ಲದ ಕಾಲಕ್ಕೆ ಇದು ಕಡಿಮೆ ಸಾಧನೆಯಲ್ಲ. ಆದರೆ ಈಗ ದೊರೆಯುವ ‘ಸೂರ್ಯಸಿದ್ಧಾಂತ’ದಲ್ಲಿ ವಿಷುವಬಿಂದು 27 ಡಿಗ್ರಿಯವರೆಗೆ ಸರಿದು ಮತ್ತೆ ಹಿಂದಿರುಗುತ್ತದೆ, ಗಡಿಯಾರದ ಲೋಲಕದಂತೆ ಅತ್ತಿತ್ತ ತೂಗುತ್ತದೆ ಎಂಬ ಮಾತಿದೆ. ಹಾಗಿದ್ದರೆ ಅಂತರ ತಾನಾಗಿ ಸರಿಹೋದೀತು ಎಂದು ಪಂಚಾಂಗಕರ್ತರು ನಿಶ್ಚಿಂತರಾಗಿರಬಹುದಿತ್ತು. ನ್ಯೂಟನ್ನನ ಭೌತವಿಜ್ಞಾನದಲ್ಲಿ ಈ ಹಿಂತಿರುಗುವಿಕೆಗೆ ಜಾಗವಿಲ್ಲ. ಚಲನೆ ಒಂದೇ ದಿಕ್ಕಿಗೆ.

ಸಂಕ್ರಾಂತಿಯ ಬಿಸಿಲು

ಬೆಂಗಳೂರಿನ ಗವಿಪುರದ ಗವಿ ಗಂಗಾಧರೇಶ್ವರ ಗುಹಾದೇವಾಲಯದಲ್ಲಿ ಮಕರ ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣ ನಂದಿಯ ಕೋಡುಗಳ ನಡುವೆ ಹಾದು ಶಿವಲಿಂಗವನ್ನು ಮುಟ್ಟುವುದನ್ನು ನೋಡಲು ಸಾವಿರಾರು ಜನ ಸೇರುತ್ತಾರೆ. ಜವಾಹರಲಾಲ್ ನೆಹರೂ ತಾರಾಲಯದ ಬಿ.ಎಸ್. ಶೈಲಜಾ ಮತ್ತು ಸಂಗಡಿಗರು ಇದನ್ನು ಅಭ್ಯಸಿಸಿ 2008ರಲ್ಲಿ ಲೇಖನ ಪ್ರಕಟಿಸಿದರು. ಅದೇ ಬೆಳಕಿನಾಟ ನವೆಂಬರ್ ಕೊನೆಯ ಸುಮಾರಿಗೂ ನಡೆಯುತ್ತದೆ! ಕಾರಣ ಸರಳ. ಡಿಸೆಂಬರ್ 21ಕ್ಕೆ 24 ದಿನ ಮೊದಲು ದಕ್ಷಿಣಕ್ಕೆ ಹೋಗುವ ಸೂರ್ಯ ಆಕಾಶದಲ್ಲಿ ಎಲ್ಲಿ ಮುಳುಗುತ್ತಾನೋ, 24 ದಿನ ಬಳಿಕ ಹಿಂದಿರುಗುವಾಗಲೂ ಅಲ್ಲೇ ಮುಳುಗುತ್ತಾನೆ. ಜನವರಿಯ ಸಂಕ್ರಾಂತಿ ನಿಜವಾಗಿ ಸೂರ್ಯನ ತಿರುವಾಗಿದ್ದರೆ ಆ ದಿನಕ್ಕೆ ಜೋಡಿ ದಿನ ಇರುತ್ತಿರಲಿಲ್ಲ. ನಂದಿಯ ಕೋಡುಗಳ ನಡುವಿನ ಬಿಸಿಲು ಸಾಯನ ಸೂರ್ಯನಿಗೆ ಸೇರಿದ್ದು, ಹಬ್ಬದ ತಾರೀಕು ನಿರಯನ ಸೂರ್ಯನಿಗೆ ಸೇರಿದ್ದು.

ಪತ್ತನಾಜೆ ಮಳೆಗಾಲಕ್ಕೆ ಬಂದರೆ?

ಇದರಿಂದ ನಿತ್ಯಜೀವನಕ್ಕೇನು ಎಂದು ಕೇಳಬಹುದು. ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ 24ರ ಸುಮಾರಿಗೆ, ತುಳುನಾಡಿನಲ್ಲಿ ಪತ್ತನಾಜೆ. ಕೋಲ, ನೇಮ, ಉತ್ಸವಗಳಿಗೆ ಅಂದು ತೆರೆ. ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಅಲ್ಲಿಂದ ಒಂದೆರಡು ವಾರದಲ್ಲಿ ಮುಂಗಾರು. ಬಯಲಾಟಕ್ಕೂ ಮಳೆಗೂ ಆಗಿಬರದು, ಹೊಲಗದ್ದೆಯ ಕೆಲಸಕ್ಕೆ ಜನ ಬೇಕು ಎಂಬ ವಿವೇಕ ಈ ಆಚರಣೆಯ ಹಿಂದಿದೆ. ಪತ್ತನಾಜೆಯ ಉದ್ದೇಶ ಋತುವಿಗೆ ಸಂಬಂಧಿಸಿದ್ದು, ಅದನ್ನು ಕಟ್ಟಿಹಾಕಿರುವುದು ಮಾತ್ರ ನಕ್ಷತ್ರಗಳಿಗೆ.

ವರ್ಷಕ್ಕೆ ಇಪ್ಪತ್ತು ನಿಮಿಷದಂತೆ 2,000 ವರ್ಷಗಳಿಗೆ ಗುಣಿಸಿ ನೋಡಿ. ಇಪ್ಪತ್ತೆಂಟು ದಿನಗಳಾಗುತ್ತವೆ. ಇಂದಿನ ಲೆಕ್ಕವೇ ಮುಂದುವರಿದರೆ ಪತ್ತನಾಜೆ ಜೂನ್ 21ರ ಹೊತ್ತಿಗೆ, ಘಾಟಿಯಲ್ಲಿ ಜಡಿಮಳೆ ಹೊಡೆಯುತ್ತಿರುವಾಗ ಬಂದೀತು. ಕೃಷಿಕರ ಮಳೆನಕ್ಷತ್ರಗಳದ್ದೂ ಇದೇ ಪಾಡು. ಮೃಗಶಿರಾ ಮಳೆ ಜೂನ್ 7–8ಕ್ಕೆ, ಆರ್ದ್ರಾ ಮಳೆ ಜೂನ್ 21–22ಕ್ಕೆ ಎಂಬ ಲೆಕ್ಕ ನಿರಯನದ್ದು. ಸುಮಾರು 955 ವರ್ಷಗಳಿಗೊಮ್ಮೆ ಇದು ಒಂದು ಪೂರ್ಣ ನಕ್ಷತ್ರದಷ್ಟು ಜಾರುತ್ತದೆ. ಮುಂಗಾರಿಗೆ ನಕ್ಷತ್ರಗಳ ಪರಿಚಯವಿಲ್ಲ. ಅದು ಕಾಯುವುದು ಸೂರ್ಯನ ಬಿಸಿಲು ಎಲ್ಲಿ ನೇರವಾಗಿ ಬೀಳುತ್ತದೆ ಎಂಬುದನ್ನು.

ಸ್ವಾತಂತ್ರ್ಯಾನಂತರ ಸರಕಾರವೂ ಈ ಸಮಸ್ಯೆಯನ್ನು ಎದುರಿಸಬೇಕಾಯಿತು. ಭೌತವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ 1952ರಲ್ಲಿ ಪಂಚಾಂಗ ಸುಧಾರಣಾ ಸಮಿತಿ ನೇಮಕವಾಯಿತು. ಎನ್.ಸಿ. ಲಾಹಿರಿ ಅದರ ಕಾರ್ಯದರ್ಶಿ. 1955ರಲ್ಲಿ ಸಲ್ಲಿಸಿದ ವರದಿಯಂತೆ ರಾಷ್ಟ್ರೀಯ ಪಂಚಾಂಗ 1957ರ ಮಾರ್ಚ್ 22ರಂದು, ಅಂದರೆ ಶಕ 1879ರ ಚೈತ್ರ 1ರಂದು ಜಾರಿಗೆ ಬಂತು. ಇದರ ವರ್ಷಾರಂಭ ವಿಷುವದ ಮರುದಿನ. ಅಂದರೆ ಭಾರತ ಸರಕಾರದ ರಾಜಪತ್ರದ ಮೇಲೆ ಅಚ್ಚಾಗುವ ಶಕವರ್ಷದ ತಾರೀಕು ಸಾಯನ! ಧಾರ್ಮಿಕ ಆಚರಣೆಗಳನ್ನು ಒಮ್ಮೆಗೇ 23 ದಿನ ಹಿಂದಕ್ಕೆ ತಂದರೆ ಜನ ಒಪ್ಪಲಾರರೆಂದು ಅರಿತ ಸಮಿತಿ, ಅಂತರವನ್ನು 23 ಡಿಗ್ರಿ 15 ಕಲೆಗೆ ನಿಲ್ಲಿಸಿ, ಇನ್ನು ಮುಂದಾದರೂ ಹಬ್ಬಗಳು ಋತುಗಳಿಂದ ಜಾರದಂತೆ ನೋಡಿಕೊಳ್ಳಲು ಸಲಹೆಯಿತ್ತಿತು. ಆ ಸಲಹೆಯನ್ನು ಪಂಚಾಂಗಕರ್ತರು ಅನುಸರಿಸಲಿಲ್ಲ.

ಒಂದೇ ಮಗು, ಎರಡು ಸ್ವಭಾವ

ಈಗ ಜಾತಕದ ಮಾತಿಗೆ ಬರೋಣ. ಏಪ್ರಿಲ್ 5ರಂದು ಮುಂಡಾಜೆಯಲ್ಲಿ ಒಂದು ಮಗು ಹುಟ್ಟಿತೆನ್ನೋಣ. ಇಂಗ್ಲಿಷ್ ಪತ್ರಿಕೆಯ ಲೆಕ್ಕದಲ್ಲಿ ಅದು ಮೇಷದ ಮಗು. ಸಾಹಸಿ, ಮುಂಗೋಪಿ, ನಾಯಕತ್ವದ ಗುಣವುಳ್ಳದ್ದು. ಪಂಚಾಂಗದ ಲೆಕ್ಕದಲ್ಲಿ ಸೂರ್ಯನಿರುವುದು ಮೀನದಲ್ಲಿ, ತಿಂಗಳು ಸುಗ್ಗಿ. ಮೀನದವರೆಂದರೆ ಮೃದು ಸ್ವಭಾವದವರು, ಭಾವಜೀವಿಗಳು ಎಂಬ ವರ್ಣನೆ. ಇದು ಸಾಲದೆಂಬಂತೆ ಇನ್ನೊಂದು ಗೊಂದಲವಿದೆ. ನಮ್ಮಲ್ಲಿ ‘ಜನ್ಮರಾಶಿ’ ಎಂದರೆ ಸೂರ್ಯನದ್ದಲ್ಲ, ಚಂದ್ರನದ್ದು. ಅಂದು ಚಂದ್ರ ರೋಹಿಣಿಯಲ್ಲಿದ್ದರೆ ಮನೆಯವರು ಮಗುವಿನ ರಾಶಿ ವೃಷಭ ಎನ್ನುತ್ತಾರೆ. ಸೂರ್ಯ ಒಂದು ರಾಶಿಯಲ್ಲಿ ಒಂದು ತಿಂಗಳಿದ್ದರೆ ಚಂದ್ರ ಎರಡೂಕಾಲು ದಿನದಲ್ಲಿ ರಾಶಿ ದಾಟುತ್ತಾನೆ. ಹುಟ್ಟಿದ ತಾರೀಕಿನಿಂದಲೇ ರಾಶಿ ಹೇಳುವ ಪತ್ರಿಕಾ ಅಂಕಣಗಳು ತೀರ ಈಚಿನವು. ಲಂಡನ್ನಿನ ‘ಸಂಡೇ ಎಕ್ಸ್‌ಪ್ರೆಸ್’ ಪತ್ರಿಕೆಯಲ್ಲಿ 1930ರಲ್ಲಿ ಆರ್.ಎಚ್. ನೇಯ್ಲರ್ ಬರೆದ ಭವಿಷ್ಯ ಜನಪ್ರಿಯವಾದ ಮೇಲೆ ಅವು ಹಬ್ಬಿದವು.

ವಿದ್ಯಾರ್ಥಿಗಳು ಒಂದು ಸಣ್ಣ ಲೆಕ್ಕ ಮಾಡಬಹುದು. ರಾಶಿಯ ಉದ್ದ 30 ಡಿಗ್ರಿ, ಎರಡು ಪದ್ಧತಿಗಳ ಅಂತರ 24 ಡಿಗ್ರಿ. ಹಾಗಾದರೆ ಐವರಲ್ಲಿ ನಾಲ್ವರಿಗೆ ಎರಡು ಪದ್ಧತಿಗಳಲ್ಲೂ ಸೂರ್ಯರಾಶಿ ಬೇರೆ ಬೇರೆ. ಐವತ್ತು ಮಕ್ಕಳ ತರಗತಿಯಲ್ಲಿ ಸುಮಾರು ನಲವತ್ತು ಮಂದಿಗೆ ಎರಡು ರಾಶಿ, ಎರಡು ಸ್ವಭಾವ, ಎರಡು ಭವಿಷ್ಯ!

ನಿರಯನದವರಲ್ಲೂ ಒಮ್ಮತವಿಲ್ಲ. ನಕ್ಷತ್ರಗಳಿಂದ ಎಣಿಸಬೇಕೆಂದರೆ ಯಾವ ನಕ್ಷತ್ರದಿಂದ? ಲಾಹಿರಿ ಅಯನಾಂಶ ಚಿತ್ರಾ ನಕ್ಷತ್ರವನ್ನು 180 ಡಿಗ್ರಿಯಲ್ಲಿಟ್ಟು ಲೆಕ್ಕ ಹಾಕುತ್ತದೆ. ಅದರಂತೆ ಎರಡು ಸೊನ್ನೆಗಳೂ ಕೂಡಿದ್ದು ಕ್ರಿಸ್ತಶಕ 285ರಲ್ಲಿ. ಬೆಂಗಳೂರಿನ ಪ್ರಸಿದ್ಧ ಜ್ಯೋತಿಷಿ ಬಿ.ವಿ. ರಾಮನ್ ಅವರ ಲೆಕ್ಕದಲ್ಲಿ ಅದು 397ನೆಯ ಇಸವಿ. ಇಬ್ಬರ ಅಯನಾಂಶದ ನಡುವೆ ಸುಮಾರು ಒಂದೂವರೆ ಡಿಗ್ರಿ ವ್ಯತ್ಯಾಸ. ರಾಶಿಯ ಗಡಿಯಲ್ಲಿ ಹುಟ್ಟಿದ ಮಗು ಒಬ್ಬರ ಲೆಕ್ಕದಲ್ಲಿ ಒಂದು ಮನೆಗೆ, ಇನ್ನೊಬ್ಬರ ಲೆಕ್ಕದಲ್ಲಿ ಪಕ್ಕದ ಮನೆಗೆ ಸೇರುತ್ತದೆ.

ಅಳತೆಗೆ ಎರಡು ಮಾನಗಳಿರುವುದು ತಪ್ಪಲ್ಲ. ಮಗುವಿಗೆ ಜ್ವರ ಬಂದರೆ ಒಂದು ಥರ್ಮಾಮೀಟರ್ 38.5 ಡಿಗ್ರಿ ಸೆಲ್ಸಿಯಸ್ ಎನ್ನುತ್ತದೆ, ಇನ್ನೊಂದು 101.3 ಡಿಗ್ರಿ ಫ್ಯಾರನ್‌ಹೀಟ್ ಎನ್ನುತ್ತದೆ. ಅಂಕಿ ಬೇರೆಯಾದರೂ ಜ್ವರ ಒಂದೇ, ಡಾಕ್ಟರರು ಕೊಡುವ ಮದ್ದೂ ಒಂದೇ. ಖಗೋಳವಿಜ್ಞಾನಿಗೂ ಹಾಗೆಯೇ. ಸೂರ್ಯ ಸಾಯನ ಮೇಷ 15 ಡಿಗ್ರಿಯಲ್ಲಿದ್ದಾನೆ ಎಂದರೂ ನಿರಯನ ಮೀನದ 21 ಡಿಗ್ರಿಯ ಸುಮಾರಿನಲ್ಲಿದ್ದಾನೆ ಎಂದರೂ ಅವನು ಬೊಟ್ಟು ತೋರಿಸುವುದು ಆಕಾಶದ ಒಂದೇ ಜಾಗವನ್ನು. ಜ್ಯೋತಿಷಿಗೆ ಹಾಗಲ್ಲ. ಮಾನ ಬದಲಾದೊಡನೆ ಮಗುವಿನ ಸ್ವಭಾವವೇ ಬದಲಾಗುತ್ತದೆ, ಮದ್ದೂ ಬದಲಾಗುತ್ತದೆ. ಎರಡೂ ವರ್ಣನೆಗಳು ಒಟ್ಟಿಗೆ ನಿಜವಾಗಲಾರವು. ಎರಡು ಪದ್ಧತಿಗಳ ಅನುಯಾಯಿಗಳೂ ತಮ್ಮದು ಅನುಭವದಿಂದ ದೃಢಪಟ್ಟಿದೆ ಎನ್ನುತ್ತಾರೆ. 24 ಡಿಗ್ರಿ ಆಚೀಚೆಯಾದರೂ ಅನುಭವಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲವೆಂದಾದರೆ, ಆ ಅನುಭವ ಅಳೆಯುತ್ತಿರುವುದು ಆಕಾಶವನ್ನಲ್ಲ ಎಂಬ ಅನುಮಾನ ಬಂದೇ ಬರುತ್ತದೆ.

ಅನುಮಾನಕ್ಕೆ ಪರಿಹಾರ ಪರೀಕ್ಷೆ. ಖಗೋಳವಿಜ್ಞಾನಿ ಜಯಂತ ನಾರಳೀಕರ್ ಮತ್ತು ಸಂಗಡಿಗರು ಮಹಾರಾಷ್ಟ್ರದಲ್ಲಿ ಅಂಥದೊಂದು ಪರೀಕ್ಷೆ ನಡೆಸಿ 2009ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಓದಿನಲ್ಲಿ ಮುಂದಿದ್ದ 100 ವಿದ್ಯಾರ್ಥಿಗಳ ಮತ್ತು ಬುದ್ಧಿಮಾಂದ್ಯತೆಯುಳ್ಳ 100 ಮಕ್ಕಳ ಜಾತಕಗಳನ್ನು ಕಲೆಸಿ, ಯಾರು ಯಾವ ಗುಂಪಿನವರೆಂದು ಹೇಳಿ ಎಂದು ಕೇಳಲಾಯಿತು. ಉತ್ತರ ಕಳುಹಿಸಿದವರು 27 ಜ್ಯೋತಿಷಿಗಳು, ಒಬ್ಬೊಬ್ಬರಿಗೂ 40 ಜಾತಕಗಳು. ನಾಣ್ಯ ಚಿಮ್ಮಿ ಹೇಳಿದರೂ ಸರಾಸರಿ 20 ಸರಿಯಾಗಬೇಕು. ಅತಿ ಹೆಚ್ಚು ಸರಿ ಹೇಳಿದವರ ಅಂಕ 24, ಬಹುತೇಕರದ್ದು 20 ಅಥವಾ ಅದಕ್ಕಿಂತ ಕಡಿಮೆ. 200 ಜಾತಕಗಳನ್ನೂ ಪರಿಶೀಲಿಸಿದ ಒಂದು ಜ್ಯೋತಿಷ್ಯ ಸಂಸ್ಥೆಗೆ ಸರಿಹೋದದ್ದು 102. ಪಾಶ್ಚಾತ್ಯ ಪದ್ಧತಿಯ ಗತಿಯೂ ಇದೇ. ಅಮೆರಿಕದ ಶಾನ್ ಕಾರ್ಲ್‌ಸನ್ 1985ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಜ್ಯೋತಿಷಿಗಳ ಉತ್ತರ ಕಣ್ಣುಮುಚ್ಚಿ ಆರಿಸಿದ್ದಕ್ಕಿಂತ ಮೇಲಾಗಿರಲಿಲ್ಲ. ದಡದಿಂದ ಅಳೆದವರೂ ಮೈಲುಗಲ್ಲಿನಿಂದ ಅಳೆದವರೂ ಒಟ್ಟಿಗೇ ಅನುತ್ತೀರ್ಣರಾದರು.

ಹೆತ್ತವರಿಗೆ, ಮಕ್ಕಳಿಗೆ

ಹಾಗಾದರೆ ಬಿಸುವನ್ನು ಮಾರ್ಚ್‌ಗೆ ತರಬೇಕೇ? ಬೇಕಾಗಿಲ್ಲ. ಕಣಿಯ ಸೊಬಗು, ಹಿರಿಯರ ಆಶೀರ್ವಾದ ನೆರಳಿನ ಉದ್ದವನ್ನು ಅವಲಂಬಿಸಿಲ್ಲ. ಊರೆಲ್ಲ ಒಪ್ಪಿದ ದಿನವೇ ಹಬ್ಬದ ದಿನ. ನಿರಯನ ಲೆಕ್ಕಕ್ಕೂ ಅದರದೇ ಉಪಯೋಗವಿದೆ. ಪಂಚಾಂಗದಲ್ಲಿ ಇಂದು ರೋಹಿಣಿ ಎಂದಿದ್ದರೆ ರಾತ್ರಿ ಹೊರಗೆ ಬಂದು ನೋಡಿ, ಚಂದ್ರನ ಆಸುಪಾಸಿನಲ್ಲಿ ಕೆಂಪಗೆ ಹೊಳೆಯುವ ರೋಹಿಣಿ ಕಾಣಿಸುತ್ತದೆ. ರಾತ್ರಿಯ ಆಕಾಶವನ್ನು ಓದಲು ನಿರಯನ, ಋತುಗಳನ್ನು ಓದಲು ಸಾಯನ ಎಂದು ತಿಳಿದರೆ ಜಗಳವಿಲ್ಲ. ಯಾವುದರಿಂದ ಯಾವ ಕೆಲಸ ಎಂಬುದನ್ನು ಮರೆತಾಗಲೇ ತೊಡಕು.

ಮಗುವಿನ ಭವಿಷ್ಯದ ವಿಷಯ ಬೇರೆ. ಪಿಯುಸಿಗೆ ವಿಜ್ಞಾನವೋ ವಾಣಿಜ್ಯವೋ ಎಂದು ತೀರ್ಮಾನಿಸುವಾಗ ಮಗುವಿನ ಅಂಕಪಟ್ಟಿ, ಅದರ ಆಸಕ್ತಿ, ಪಾಠ ಹೇಳಿದ ಶಿಕ್ಷಕರ ಮಾತು ಇವಿಷ್ಟೂ ಹತ್ತಿರದಲ್ಲೇ ಇರುತ್ತವೆ. ಅವನ್ನು ಬಿಟ್ಟು, ಎಲ್ಲಿಂದ ಎಣಿಸಬೇಕೆಂಬ ಬಗ್ಗೆಯೇ ಒಮ್ಮತವಿಲ್ಲದ ವೃತ್ತವೊಂದನ್ನು ಕೇಳುವುದು ಮಗುವಿಗೆ ಮಾಡುವ ಅನ್ಯಾಯ. ಅದಕ್ಕೆ ‘ನಿನ್ನ ರಾಶಿಗೆ ಗಣಿತ ಹತ್ತದು’ ಎಂಬ ಮಾತು ಒಮ್ಮೆ ಕಿವಿಗೆ ಬಿದ್ದರೆ, ಗಣಿತ ಹತ್ತದಿರಲು ಆ ಮಾತೇ ಸಾಕಾಗುತ್ತದೆ.

ವಿದ್ಯಾರ್ಥಿಗಳು ಬರುವ ಡಿಸೆಂಬರಿನಲ್ಲಿ ಅಂಗಳದಲ್ಲೊಂದು ಕೋಲು ನೆಡಲಿ. ವಾರಕ್ಕೊಮ್ಮೆ ನಡು ಮಧ್ಯಾಹ್ನದ ನೆರಳಿನ ತುದಿಗೆ ಗುರುತು ಹಾಕಿ ತಾರೀಕು ಬರೆಯಲಿ. ಗುರುತುಗಳು ಒಂದು ದಿನ ಮುಂದೆ ಸರಿಯುವುದನ್ನು ನಿಲ್ಲಿಸಿ ಹಿಂದಿರುಗುತ್ತವೆ. ಆ ದಿನ ಯಾವುದೆಂದು ಪಂಚಾಂಗವನ್ನೂ ಕೇಳಬೇಕಿಲ್ಲ, ಪತ್ರಿಕೆಯನ್ನೂ ಕೇಳಬೇಕಿಲ್ಲ. ಏಪ್ರಿಲ್ 24ರ ಸುಮಾರಿಗೆ ಕೋಲಿನ ನೆರಳು ಪೂರ್ತಿ ಮಾಯವಾದಾಗ ಮನೆಯ ಹಿರಿಯರನ್ನೂ ಕರೆದು ತೋರಿಸಲಿ. ಆಗಸ್ಟ್ 18ರ ಹೊತ್ತಿಗೆ ಇನ್ನೊಮ್ಮೆ ಹಾಗಾಗುತ್ತದೆ, ಆದರೆ ಸೋಣ ತಿಂಗಳ ಮೋಡ ಅವಕಾಶ ಕೊಟ್ಟರೆ ಮಾತ್ರ.